ಅರ್ಧ ವರ್ಷದ ಲೆಕ್ಕ

2025ರ ಜನವರಿ 2ರಂದು ಚಳ್ಳಕೆರೆಯ ನಮ್ಮ ಮನೆಯ ಜಗುಲಿಯಲ್ಲಿ ಕೂತು ಲೆಕ್ಕದ ಪುಸ್ತಕ ತೆರೆದೆ. ಬ್ಯಾಂಕಿನ ಗುಮಾಸ್ತಗಿರಿಯಿಂದ ನಿವೃತ್ತನಾಗಿ ವರ್ಷಗಳೇ ಕಳೆದರೂ ಅರ್ಧ ವರ್ಷದ ಲೆಕ್ಕ ಮುಗಿಸದೆ ನನಗೆ ನಿದ್ದೆ ಬಾರದು. ಆದರೆ ಈ ಸಲದ ಲೆಕ್ಕ ಹಣದ್ದಲ್ಲ, ಫುಟ್‌ಬಾಲಿನದು!

ಈ ವಯಸ್ಸಿಗೆ ಫುಟ್‌ಬಾಲೇ ಎಂದು ನಗಬೇಡಿ. ನಾನು ಚೆಂಡು ಒದ್ದವನಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಮಗಳ ಮಗ, ಹನ್ನೊಂದರ ಪೋರ, ಹಿಂದಿನ ಆಗಸ್ಟ್‌ನಲ್ಲಿ ಮನೆಮಂದಿಯನ್ನೆಲ್ಲ ‘ಫ್ಯಾಂಟಸಿ ಪ್ರೀಮಿಯರ್ ಲೀಗ್’ ಎಂಬ ಮೊಬೈಲ್ ಆಟಕ್ಕೆ ಎಳೆದ. ಕೈಯಿಂದ ಕಾಸು ಹಾಕುವಂತಿಲ್ಲ. ಎಲ್ಲರಿಗೂ ಲೆಕ್ಕಕ್ಕೆ ಮಾತ್ರ 10 ಕೋಟಿ ಪೌಂಡ್ ಕೊಡುತ್ತಾರೆ. ಅದರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ 15 ಆಟಗಾರರನ್ನು ಕೊಳ್ಳಬೇಕು. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಬೇಡ. ನಿಜವಾದ ಪಂದ್ಯದಲ್ಲಿ ನಮ್ಮ ಮುನ್ಪಡೆಯವನು ಗೋಲು ಹೊಡೆದರೆ ನಮಗೆ 4 ಅಂಕ, ಮಧ್ಯದವನು ಹೊಡೆದರೆ 5, ರಕ್ಷಣೆಯವನು ಹೊಡೆದರೆ 6. ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿ. ವಾರಕ್ಕೊಬ್ಬನನ್ನು ಪುಕ್ಕಟೆ ಬದಲಿಸಬಹುದು. ಅದಕ್ಕೂ ಮೀರಿದರೆ ತಲೆಗೆ 4 ಅಂಕ ದಂಡ. ಬಿ.ಕಾಂ. ಓದಿದವನಿಗೆ ಇದಕ್ಕಿಂತ ರುಚಿಯಾದ ಆಟ ಬೇಕೆ?

ನಾವು ಎಂಟು ಮಂದಿ. ಮಗಳ ಮನೆಯವರು ಮೂವರು, ಬೆಂಗಳೂರಿನ ಮಗನ ಮನೆಯವರು ಮೂವರು, ಇಲ್ಲಿ ನಾನು, ಮೊಳಕಾಲ್ಮೂರಿನಲ್ಲಿ ನನ್ನ ತಮ್ಮ. ನನ್ನ ತಂಡ ‘ಶೇಂಗಾ ಇಲೆವೆನ್’. ತಮ್ಮ ಇವತ್ತಿಗೂ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುವವನು. ಅವನ ತಂಡ ‘ಲಾಳಿ ಬಾಯ್ಸ್’.

ಒಂದು ಋತುವಿಗೆ 38 ಪಂದ್ಯ. 19 ಮುಗಿದರೆ ಅರ್ಧ ವರ್ಷ. ಲೆಕ್ಕ ಹಾಕಿ ನೋಡಿದೆ. ಮೊದಲ ಸ್ಥಾನ ಬೆಂಗಳೂರಿನ ಮೊಮ್ಮಗಳದ್ದು. ಅವಳ ನಾಯಕ ಲಿವರ್‌ಪೂಲಿನ ಮೊಹಮದ್ ಸಲಾ, ಅಷ್ಟರಲ್ಲಿ 17 ಗೋಲು ಹೊಡೆದು 13 ಗೋಲಿಗೆ ನೆರವಾಗಿದ್ದ. ನಾನು ಮೂರನೆಯವನು. ನನ್ನ ಕೈಹಿಡಿದವನು ನಾಟಿಂಗ್‌ಹ್ಯಾಮ್ ಫಾರೆಸ್ಟಿನ ಕ್ರಿಸ್ ವುಡ್. ವಯಸ್ಸು 33, ಫುಟ್‌ಬಾಲಿನ ಲೆಕ್ಕದಲ್ಲಿ ನನ್ನ ಹಾಗೆ ಪಿಂಚಣಿಯ ಹತ್ತಿರದವನು. ಸಲಾನ ಅರ್ಧ ಬೆಲೆಗೆ ಸಿಕ್ಕಿದ್ದ, ಗೋಲಿನ ಮೇಲೆ ಗೋಲು ಹೊಡೆದ.

ಕೊನೆಯ ಸ್ಥಾನ ನನ್ನ ತಮ್ಮನದು. ವಿಚಿತ್ರವೆಂದರೆ ಮೊದಲ ಐದು ವಾರ ಅವನೇ ಮೊದಲಿಗ! ಅವನ ನಾಯಕ ಮ್ಯಾಂಚೆಸ್ಟರ್ ಸಿಟಿಯ ಎರ್ಲಿಂಗ್ ಹಾಲಂಡ್ ಐದೇ ಪಂದ್ಯದಲ್ಲಿ 10 ಗೋಲು ಹೊಡೆದಿದ್ದ. ಆಮೇಲೆ ಆ ತಂಡದ ದೆಸೆ ತಿರುಗಿತು. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ 26ರವರೆಗೆ ಎಲ್ಲ ಟೂರ್ನಿ ಸೇರಿ 13 ಪಂದ್ಯಗಳಲ್ಲಿ ಒಂದೇ ಗೆಲುವು. ಆ 26ರಂದು ಎವರ್ಟನ್ ವಿರುದ್ಧ ಹಾಲಂಡನ ಪೆನಾಲ್ಟಿಯನ್ನೂ ಗೋಲ್‌ಕೀಪರ್ ತಡೆದ. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಗೆಯೋ ನಗೆ. “ಚಿಕ್ಕತಾತ ಮಗ್ಗದ ಮೇಲೇ ನಿದ್ದೆ ಹೋಗಿದ್ದಾರೆ” ಎಂದು ಮೊಮ್ಮಗ ಬರೆದ. ನಾನೂ ಸುಮ್ಮನಿರದೆ, “ಎದ್ದೇಳಪ್ಪ, ಎಳೆ ಹರಿದೈತೆ” ಎಂದು ಗೇಲಿ ಮಾಡಿದೆ. ಅವನು ಮರುಮಾತು ಆಡಲಿಲ್ಲ.

ಈ ಆಟದಲ್ಲಿ ಬೇರೆಯವರು ಯಾವ ವಾರ ಯಾರನ್ನು ಬದಲಿಸಿದರೆಂದೂ ನೋಡಬಹುದು. ತಮ್ಮನ ಪುಟ ತೆರೆದೆ. ಆರನೇ ವಾರದಿಂದ ಒಂದೇ ಒಂದು ಬದಲಾವಣೆಯಿಲ್ಲ. ಸೆಪ್ಟೆಂಬರ್ 22ರಂದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ತಿಂಗಳುಗಟ್ಟಲೆ ಹೊರಗುಳಿದ ರಾಡ್ರಿ ಇನ್ನೂ ಅವನ ತಂಡದಲ್ಲೇ ಇದ್ದ, ಹೆಸರಿನ ಪಕ್ಕ ಪುಟ್ಟ ಕೆಂಪು ಗುರುತು ಹೊತ್ತು.

ನನ್ನ ನಗು ಅಲ್ಲೇ ನಿಂತಿತು. ಬ್ಯಾಂಕಿನಲ್ಲಿ ಎರಡು ವರ್ಷ ಖಾತೆದಾರರ ವಹಿವಾಟಿಲ್ಲದ ಖಾತೆಯನ್ನು ನಿಷ್ಕ್ರಿಯ ಖಾತೆ ಎನ್ನುತ್ತೇವೆ. ಅಂಥವರಿಗೆ ಪತ್ರ ಬರೆಯುವ ಕೆಲಸ ಎಷ್ಟೋ ವರ್ಷ ನನ್ನದಾಗಿತ್ತು. ಸೋಮಾರಿತನದಿಂದ ಸುಮ್ಮನಾದ ಖಾತೆಗಳು ಕಡಿಮೆ. ಒಬ್ಬರು ಹಾಸಿಗೆ ಹಿಡಿದಿರುತ್ತಿದ್ದರು, ಇನ್ನೊಬ್ಬರು ಊರು ಬಿಟ್ಟಿರುತ್ತಿದ್ದರು. ಅಪರಿಚಿತರಿಗೆಲ್ಲ ಪತ್ರ ಬರೆದವನು ಒಡಹುಟ್ಟಿದವನಿಗೆ ಗೇಲಿ ಬರೆದಿದ್ದೆ.

ಜನವರಿ 4, ಶನಿವಾರ ಬೆಳಿಗ್ಗೆ ಬಸ್ ಹತ್ತಿದೆ. ತಳಕು, ಹಾನಗಲ್ ದಾಟಿ ಮೊಳಕಾಲ್ಮೂರು ತಲುಪುವಾಗ ಬಿಸಿಲು ಏರಿತ್ತು. ಮನೆಯೊಳಗೆ ಮಗ್ಗದ ಸದ್ದಿರಲಿಲ್ಲ.

“ಯಾಕೋ, ತಂಡ ಮುಟ್ಟೇ ಇಲ್ಲ?” ಎಂದೆ.

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕಾಣಲ್ಲ ಕಣಣ್ಣ. ಫೋನಿನಾಗೆ ಹೊಗೆ ಕವಿದಂಗೆ ಐತೆ. ಅಂಚಿನ ಬಣ್ಣಾನೂ ಗೊತ್ತಾಗಲ್ಲ. ಹೋದ ತಿಂಗಳು ಎರಡು ಸೀರೆ ವಾಪಸ್ ಬಂದ್ವು” ಎಂದ.

“ಹೇಳಬಾರದಾ?”

“ಹೇಳಿದ್ರೆ ಮಗ್ಗ ಬಿಡಿಸ್ತೀರಿ.”

ನಾವು ಕಳಿಸಿದ ಗೇಲಿಯ ಮಾತುಗಳನ್ನೂ ಅವನು ಓದಿರಲಿಲ್ಲ. ಅದು ನನ್ನ ಪುಣ್ಯ. ಮಗ್ಗದ ಕಡೆ ನೋಡಿದೆ. ಅರ್ಧ ನೇಯ್ದ ಸೀರೆಯ ಮೇಲೆ ಹಳೆಯ ಪಂಚೆ ಹೊದಿಸಿದ್ದ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಅದನ್ನು ನೇಯುವವನ ಕಣ್ಣು ಹೇಗಿದೆ ಎಂದು ಕೇಳಿರಲಿಲ್ಲ.

ಆ ದಿನ ತಂಡ ಬದಲಿಸಲು ಸಂಜೆ ನಾಲ್ಕೂವರೆ ಗಡುವು. ಊಟ ಮಾಡಿ ಇಬ್ಬರೂ ಕೂತೆವು. ನಾನು ಹೆಸರು ಓದುತ್ತಾ ಹೋದೆ, ಅವನು ಕಣ್ಣು ಮುಚ್ಚಿ ತೀರ್ಮಾನ ಹೇಳಿದ. ರಾಡ್ರಿಯನ್ನು ಮಾರಿದೆವು. “ನಾಯಕನಾಗಿ ಸಲಾನನ್ನು ಮಾಡು” ಎಂದೆ. ತಲೆಯಾಡಿಸಿದ. “ಹಾಲಂಡ್ ಇರ್ಲಿ. ಕೆಲಸ ಗೊತ್ತಿರೋನು ನಾಕು ದಿನ ತಪ್ಪಿದ ಅಂತ ಕೈಬಿಡಬಾರದು.”

ಆ ಮಾತು ಹಾಲಂಡನಿಗಷ್ಟೇ ಹೇಳಿದ್ದಲ್ಲ ಎಂದು ನನಗೆ ಗೊತ್ತಾಯಿತು.

ಅದೇ ರಾತ್ರಿ ಮ್ಯಾಂಚೆಸ್ಟರ್ ಸಿಟಿ ವೆಸ್ಟ್‌ಹ್ಯಾಮ್ ತಂಡವನ್ನು 4-1ರಿಂದ ಸೋಲಿಸಿತು. ಹಾಲಂಡನದು ಎರಡು ಗೋಲು! ತಮ್ಮ ಹುಡುಗನಂತೆ ತೊಡೆ ತಟ್ಟಿ ನಕ್ಕ.

ಸಂಕ್ರಾಂತಿ ಕಳೆದ ಮೇಲೆ ಚಿತ್ರದುರ್ಗದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದೆವು, ಕೆಲವು ವಾರ ಬಿಟ್ಟು ಇನ್ನೊಂದರದು. ಯುಗಾದಿ ಹೊತ್ತಿಗೆ ಮಗ್ಗದ ಸದ್ದು ಮತ್ತೆ ಕೇಳಿಸಿತು. ಮೇ ತಿಂಗಳಲ್ಲಿ ಋತು ಮುಗಿದಾಗ ‘ಲಾಳಿ ಬಾಯ್ಸ್’ ಎಂಟರಲ್ಲಿ ಏಳನೆಯದು. ಎಂಟನೆಯವನು ನಿದ್ದೆಯ ಗೇಲಿ ಮಾಡಿದ ನಮ್ಮ ಪೋರನೇ!

ಅವನು ಈಗ ನಮ್ಮ ಮನೆಯ ಲೀಗಿಗೆ ಒಂದು ಹೊಸ ನಿಯಮ ಮಾಡಿದ್ದಾನೆ. ಯಾರಾದರೂ ಎರಡು ವಾರ ತಂಡ ಮುಟ್ಟದಿದ್ದರೆ ಉಳಿದವರಲ್ಲಿ ಒಬ್ಬರು ಫೋನ್ ಮಾಡಿ ಮಾತಾಡಬೇಕು. ಸಂದೇಶ ಕಳಿಸಿದರೆ ಲೆಕ್ಕಕ್ಕಿಲ್ಲ, ದನಿ ಕೇಳಿಸಲೇಬೇಕು. ಮಾಡದವರಿಗೆ 4 ಅಂಕ ದಂಡ. ಆ ದಂಡದ ಲೆಕ್ಕ ಬರೆಯುವ ಕೆಲಸ ನನ್ನದು.