ಜಡೆಯಲ್ಲ, ರೇಷ್ಮೆ ಲಡಿ

ಗೋಪುರದಲ್ಲಿ ಸೆರೆಯಾದ ಉದ್ದ ಜಡೆಯ ಹುಡುಗಿ ರಪುಂಜೆಲ್‌ಳ ಕಥೆ ಯಾವ ಮಗುವಿಗೆ ಗೊತ್ತಿಲ್ಲ? ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕಥೆ. ನನ್ನ ಚಿಕ್ಕ ಮಗಳಿಗೆ ಹೇಳಿ ಹೇಳಿ ನನಗೆ ಬಾಯಿಪಾಠವೇ ಆಗಿಬಿಟ್ಟಿದೆ.

ಕಥೆ ಶುರುವಾಗುವುದೇ ನಮ್ಮ ಹೆಂಗಸರ ವಿಷಯದಿಂದ. ಬಸುರಿಯೊಬ್ಬಳಿಗೆ ಪಕ್ಕದ ಮಾಟಗಾತಿಯ ಹಿತ್ತಲ ಸೊಪ್ಪಿನ ಮೇಲೆ ಬಯಕೆ. ನಮ್ಮಲ್ಲಿ ಹುಣಿಸೆಕಾಯಿ, ಮಾವಿನಕಾಯಿ ಬೇಕೆನಿಸುವುದಿಲ್ಲವೇ, ಹಾಗೆ. ರಪುಂಜೆಲ್ ಎಂಬುದು ಆ ಸೊಪ್ಪಿನದೇ ಹೆಸರು! ಗಂಡ ಗೋಡೆ ಹತ್ತಿ ಕದಿಯಲು ಹೋಗಿ ಸಿಕ್ಕಿಬಿದ್ದ. ಹುಟ್ಟುವ ಮಗುವನ್ನೇ ಕೊಡುತ್ತೇನೆಂದು ಒಪ್ಪಿಕೊಂಡು ಬಂದ. ಹುಡುಗಿಗೆ 12 ವರ್ಷವಾದಾಗ ಮಾಟಗಾತಿ ಅವಳನ್ನು ಬಾಗಿಲೂ ಮೆಟ್ಟಿಲೂ ಇಲ್ಲದ ಗೋಪುರದಲ್ಲಿ ಇಟ್ಟಳು.

ನೋಡಿ, 12 ವರ್ಷ. “ಎಲ್ಲಿಗೆ ಹೋಗಿದ್ದೆ, ಯಾರ ಹತ್ರ ಮಾತಾಡ್ತಿದ್ದೆ” ಎಂದು ಹೆಣ್ಣುಮಕ್ಕಳನ್ನು ನಾವು ಕೇಳಲು ಶುರುಮಾಡುವುದೂ ಹೆಚ್ಚುಕಡಿಮೆ ಆಗಲೇ.

“ಅಮ್ಮಾ, ರಾಜಕುಮಾರ ಬರೋ ತನಕ ಸರಿ, ಆಮೇಲೂ ಅವಳು ಸುಮ್ನೆ ಕೂತಿದ್ಲಾ?” ಎಂದು ಚಿಕ್ಕವಳು ಒಂದು ದಿನ ಕೇಳಿದಳು. ಇಲ್ಲ ಕಣೇ ಅಂದೆ. ಗ್ರಿಮ್ ಸಹೋದರರ 1857ರ ಮುದ್ರಣದಲ್ಲಿ ಅವಳು ಹೇಳುವ ಮಾತಿದೆ: ಬರುವಾಗಲೆಲ್ಲ ಒಂದೊಂದು ರೇಷ್ಮೆ ಲಡಿ ತಾ, ನಾನೇ ಏಣಿ ಹೆಣೆದುಕೊಂಡು ಇಳಿದು ಬರುತ್ತೇನೆ ಅಂತ. ಚಿತ್ರ ಬರೆಯುವವರಿಗೆಲ್ಲ ಅವಳ ಜಡೆ ಮಾತ್ರ ಕಾಣುತ್ತದೆ. ನನಗೆ ಕಾಣುವುದು ಆ ಲಡಿಗಳು. ಭರವಸೆ ಅಂದರೆ ಕಿಟಕಿ ಹತ್ತಿರ ಕೂತು ದಾರಿ ಕಾಯುವುದಷ್ಟೇ ಅಲ್ಲ, ದಿನಕ್ಕಿಷ್ಟು ಹೆಣೆಯುವುದು.

ಏಣಿ ಮುಗಿಯುವ ಮೊದಲೇ ಗುಟ್ಟು ರಟ್ಟಾಯಿತು. ಮಾಟಗಾತಿ ಜಡೆ ಕತ್ತರಿಸಿ ಅವಳನ್ನು ಮರಳುಗಾಡಿಗೆ ಅಟ್ಟಿದಳು. ರಾಜಕುಮಾರ ಗೋಪುರದಿಂದ ಹಾರಿ, ಮುಳ್ಳು ಚುಚ್ಚಿ ಕುರುಡನಾದ. ವರ್ಷಗಟ್ಟಲೆ ಅಲೆದು ಅವಳ ದನಿ ಗುರುತು ಹಿಡಿದು ಬಂದಾಗ, ಅವಳು ಅವಳಿಜವಳಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಬದುಕಿದ್ದಳು. ಅವಳ ಕಣ್ಣೀರು ಬಿದ್ದು ಅವನಿಗೆ ದೃಷ್ಟಿ ಬಂತು. ಕೊನೆಗೆ ಯಾರು ಯಾರನ್ನು ಕಾಪಾಡಿದಂತಾಯಿತು, ನೀವೇ ಹೇಳಿ.

ಇದಕ್ಕೂ ಹಳೆಯದು ಇಟಲಿಯ ನೇಪಲ್ಸ್‌ನ ಬಸೀಲೆ ಬರೆದ ಕಥೆ, 1634ರಲ್ಲಿ ಅಚ್ಚಾದದ್ದು. ಅದರ ಹುಡುಗಿ ಇನ್ನೂ ಚುರುಕು. ಅಡುಗೆಮನೆ ತೊಲೆಯಲ್ಲಿ ಬಚ್ಚಿಟ್ಟ ಮೂರು ಮಾಯದ ಕಾಯಿಗಳನ್ನು ಎತ್ತಿಕೊಂಡು, ಹಗ್ಗದ ಏಣಿಯಲ್ಲಿ ಇಳಿದು, ರಾಜಕುಮಾರನ ಜೊತೆ ಓಡಿಯೇ ಬಿಡುತ್ತಾಳೆ. ಅಟ್ಟಿಸಿಕೊಂಡು ಬಂದ ರಾಕ್ಷಸಿಯ ಮುಂದೆ ಒಂದೊಂದೇ ಕಾಯಿ ಎಸೆಯುತ್ತಾಳೆ!

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ದೊಡ್ಡವಳದು ಪಿಯುಸಿ ಮುಗಿಯಿತು. ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತೇನೆ ಅನ್ನುತ್ತಾಳೆ. “ಊರಲ್ಲೇ ಕಾಲೇಜಿಲ್ವಾ? ಹೆಣ್ಣುಹುಡುಗಿ ಅಷ್ಟು ದೂರ ಯಾಕೆ?” ಎಂದು ಮನೆಯ ಹಿರಿಯರ ರಾಗ. ದೂರ ಕಳಿಸುವುದೆಂದರೆ ನನಗೂ ಹೊಟ್ಟೆಯಲ್ಲಿ ಸಂಕಟವೇ. ಆದರೆ ಎರಡು ವರ್ಷದಿಂದ ಅವಳು ಅಕ್ಕಪಕ್ಕದವರ ಸೀರೆಗಳಿಗೆ ರೇಷ್ಮೆ ದಾರದ ಕುಚ್ಚು ಕಟ್ಟಿ, ಬಂದ ದುಡ್ಡನ್ನು ಫೀಸಿಗೆಂದು ಕೂಡಿಡುತ್ತಿದ್ದಾಳೆ. ಅದು ಸಾಲದು, ಅವಳಿಗೂ ಗೊತ್ತು. ನನ್ನ ಚೀಟಿ ದುಡ್ಡು ಅದಕ್ಕೆ ಸೇರಿಸಿದ್ದೇನೆ.

ಹತ್ತನೇ ಕ್ಲಾಸಿಗೇ ನನ್ನ ಓದು ನಿಂತಾಗ ನನ್ನ ಪರವಾಗಿ ಮಾತಾಡಲು ಯಾರೂ ಇರಲಿಲ್ಲ. ಇವಳಿಗೆ ನಾನಿದ್ದೇನೆ. ಹಿರಿಯರು ಇನ್ನೂ ಹೂಂ ಅಂದಿಲ್ಲ. ಅರ್ಜಿ ಮಾತ್ರ ತುಂಬಿಸಿ ಕಳಿಸಿದ್ದೇವೆ.