ಮೂರು ದಿನದ ಜ್ವರ, ಎರಡು ದಿನದ ಗಡುವು

"ಮೂರು ದಿನ ನೋಡೋಣ ಕಣೋ, ತಾನೇ ಹೋಗುತ್ತೆ." 2025ರ ಜನವರಿಯಲ್ಲಿ, ಊರಿನಿಂದ ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಿದ್ದ ಅಮ್ಮ ಜ್ವರದಲ್ಲಿ ಅಂದಿದ್ದು ಇಷ್ಟೇ. ನಮ್ಮ ಕಡೆ ಎಲ್ಲರ ಲೆಕ್ಕವೂ ಇದೇ ತಾನೇ? ಕಷಾಯ ಕುಡಿ, ಮೂರು ದಿನ ಕಾದು ನೋಡು, ಇಳೀಲಿಲ್ಲ ಅಂದ್ರೆ ಡಾಕ್ಟರು. ಆದರೆ ಫ್ಲೂ ಮಾತ್ರೆಗಳ ಲೆಕ್ಕ ಬೇರೆ. ಲಕ್ಷಣ ಕಾಣಿಸಿದ 48 ಗಂಟೆಯೊಳಗೆ ಶುರು ಮಾಡಿದ್ರೆ ಅವುಗಳಿಂದ ಹೆಚ್ಚು ಪ್ರಯೋಜನ. ನಮ್ಮ ಮೂರು ದಿನ ಮುಗಿಯೋ ಹೊತ್ತಿಗೆ ಆ ಗಡುವು ದಾಟಿರುತ್ತೆ!

ಅಮ್ಮನಿಗೆ 72 ವರ್ಷ, ಜೊತೆಗೆ ಉಬ್ಬಸ. ಮರುದಿನವೇ ಕರಕೊಂಡು ಹೋದೆ. ಪರೀಕ್ಷೆಯಲ್ಲಿ ಫ್ಲೂ ಅಂತ ಗೊತ್ತಾಯ್ತು. ಡಾಕ್ಟರು ಮೂರು ಮದ್ದುಗಳ ಹೆಸರು ಹೇಳಿದ್ರು.

ರೆಲೆಂಝಾ ಮೊದಲೇ ಬಿಟ್ಟುಹೋಯ್ತು. ಅದು ಬಾಯಿಂದ ಒಳಗೆಳೆದುಕೊಳ್ಳೋ ಪುಡಿ, ಉಬ್ಬಸ ಇರೋರಿಗೆ ಉಸಿರು ಕಟ್ಟಿಸಬಹುದು.

ಉಳಿದಿದ್ದು ಎರಡು. ಟಾಮಿಫ್ಲೂ 1999ರಿಂದ ಇದೆ. ದಿನಕ್ಕೆ ಎರಡರಂತೆ ಐದು ದಿನ ತಗೋಬೇಕು. ಹೊಸದಾಗಿ ಹುಟ್ಟಿದ ವೈರಸ್ಸುಗಳು ಜೀವಕೋಶದಿಂದ ಹೊರಬೀಳದ ಹಾಗೆ ತಡೆಯುತ್ತೆ. 2018ರಲ್ಲಿ ಬಂದ ಕ್ಸೋಫ್ಲೂಝಾ ವೈರಸ್ಸು ತನ್ನ ನಕಲು ಮಾಡಿಕೊಳ್ಳೋದನ್ನೇ ನಿಲ್ಲಿಸುತ್ತೆ. ಒಂದೇ ಸಲ ನುಂಗಿದ್ರೆ ಮುಗೀತು. ಹಾಗಾದ್ರೆ ಹೊಸದೇ ಮೇಲಾ? 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ಮದ್ದಿಗೂ ಲಕ್ಷಣ ತಗ್ಗಲು ಹಿಡಿದದ್ದು ಸುಮಾರು 54 ಗಂಟೆ. ಬರೀ ಹುಸಿ ಮಾತ್ರೆ ನುಂಗಿದವರಿಗೆ 80. ಅಂದ್ರೆ ಲಾಭ ಒಂದು ದಿನ ಚಿಲ್ಲರೆ. ಕ್ಸೋಫ್ಲೂಝಾದಲ್ಲಿ ವೈರಸ್ಸು ಮಾತ್ರ ಬೇಗ ಇಳೀತು. 2025ರ ಏಪ್ರಿಲಿನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ರೋಗಿ ಅದನ್ನು ತಗೊಂಡಾಗ ಮನೆಯವರಿಗೆ ಫ್ಲೂ ಅಂಟೋದು 13.4%ರಿಂದ 9.5%ಕ್ಕೆ ಇಳಿದಿತ್ತು.

ಆದರೆ ಅದನ್ನು ಹಾಲು ಮೊಸರಿನ ಜೊತೆ ನುಂಗೋ ಹಾಗಿಲ್ಲ, ಕ್ಯಾಲ್ಸಿಯಂ ಇದ್ರೆ ಮದ್ದು ಸರಿಯಾಗಿ ಮೈಗೆ ಸೇರೋದಿಲ್ಲ. ನಮ್ಮಮ್ಮನೋ, ಜ್ವರ ಬಂದ್ರೂ ಮೊಸರನ್ನ ಬಿಡೋಳಲ್ಲ! ಒಂದು ಹೊತ್ತು ಬಿಡಿಸಬಹುದಿತ್ತು ಅನ್ನಿ. ಆದರೆ ಪ್ರವಾಸಿ ವಿಮೆಯವರು ಅದರ ದುಡ್ಡು ಕೊಡೋಲ್ಲ ಅಂದ್ರು. ಟಾಮಿಫ್ಲೂವಿನ ಅಗ್ಗದ ಜೆನೆರಿಕ್ ಸಿಕ್ಕಿತು, ಡಾಕ್ಟರೂ ಅದೇ ಸಾಕು ಅಂದ್ರು. ಅದಕ್ಕೆ ವಾಂತಿಯ ಕಾಟ ಇದೆ, ಊಟದ ಜೊತೆ ತಗೊಂಡ್ರೆ ಕಮ್ಮಿ. ಅಮ್ಮ ಮೊಸರನ್ನ ತಿಂದುಕೊಂಡೇ ಹತ್ತು ಗುಳಿಗೆ ಮುಗಿಸಿದ್ಲು.

ಕೆಮ್ಮು ಎರಡು ವಾರ ಉಳೀತು, ಆಸ್ಪತ್ರೆ ಸೇರೋದು ತಪ್ಪಿತು. ಗುಳಿಗೆಯಿಂದಲೇ ತಪ್ಪಿತು ಅಂತ ಆಣೆ ಇಟ್ಟು ಹೇಳಲಾರೆ. ಆದರೆ ವಯಸ್ಸಾದವರು, ಉಬ್ಬಸದವರು, ಬಸುರಿಯರು ಮನೆಯಲ್ಲಿದ್ರೆ ಮೂರು ದಿನ ಎಣಿಸ್ತಾ ಕೂರಬೇಡಿ. ಅಪ್ಪ ಅಮ್ಮ ಊರಲ್ಲೇ ಇದ್ದು ಫೋನಿನಲ್ಲಿ "ಸ್ವಲ್ಪ ಜ್ವರ ಅಷ್ಟೇ" ಅಂದ್ರೆ, ಯಾವಾಗ ಶುರುವಾಯ್ತು ಅಂತ ಮೊದಲು ಕೇಳಿ.