ಬಾರುಕೋಲಿನ ಜೀರ್ಣೋದ್ಧಾರ

ದೇವಾಲಯಗಳಿಗೆ ಜೀರ್ಣೋದ್ಧಾರವುಂಟು, ಕೆರೆ ಬಾವಿಗಳಿಗೂ ಉಂಟು. ಗಾಡಿಯಲ್ಲಿ ಸಿಕ್ಕಿಸಿಟ್ಟ ಹಳೆಯ ಬಾರುಕೋಲಿಗೂ ಅಂತಹ ಮರ್ಯಾದೆಯು ಸಲ್ಲಬೇಕೆಂದು ಯಾರಾದರೂ ಹೇಳಿದರೆ ಕೇಳಿದವರು ನಗುವರು. ಸವೆದುದನ್ನು ಎಸೆದು ಹೊಸದನ್ನು ತರುವುದೇ ಲೋಕರೂಢಿ. ಆದರೆ ಸರಿಪಡಿಸುವುದೋ ಬದಲಾಯಿಸುವುದೋ ಎಂಬ ಪ್ರಶ್ನೆಯು ಈ ವಸ್ತುವಿನ ವಿಷಯದಲ್ಲಿ ತೋರುವಷ್ಟು ಅಲ್ಪವಾದುದಲ್ಲ. ಅದರ ಒಂದು ತುದಿಯು ಎತ್ತಿನ ಬೆನ್ನಿನ ಮೇಲಿದೆ. ಇನ್ನೊಂದು ತುದಿಯು ಅದನ್ನು ಹೆಣೆದವನ ಮನೆಯ ಒಲೆಯ ಬಳಿ ಇದೆ.

ಹಿಂದಿನವರು ಈ ಉಪಕರಣವನ್ನು ಕಡೆಗಣಿಸಿದಂತೆ ತೋರುವುದಿಲ್ಲ. ಋಗ್ವೇದದ ಆರನೆಯ ಮಂಡಲದಲ್ಲಿ ಯುದ್ಧಸಾಮಗ್ರಿಗಳನ್ನು ಸ್ತುತಿಸುವ ಸೂಕ್ತವೊಂದರಲ್ಲಿ, ಬಿಲ್ಲು ಬತ್ತಳಿಕೆಗಳ ಜೊತೆಗೆ ಕುದುರೆಯ ಚಾವಟಿಗೂ ಒಂದು ಮಂತ್ರವುಂಟು. ಅಶ್ವಿನೀದೇವತೆಗಳದು ಮಧುಕಶಾ, ಎಂದರೆ ಮಧುವುಳ್ಳ ಚಾವಟಿ. ಅಥರ್ವವೇದದಲ್ಲಿ ಅದಕ್ಕೆ ಒಂದು ಸೂಕ್ತವೇ ಮೀಸಲಾಗಿದೆ. ಭಾರತಯುದ್ಧದ ಒಂಬತ್ತನೆಯ ದಿನ ಶ್ರೀಕೃಷ್ಣನು ರಥದಿಂದ ಧುಮುಕಿ ಭೀಷ್ಮನ ಮೇಲೆ ಏರಿಹೋದುದು ಕೈಯಲ್ಲಿದ್ದ ಪ್ರತೋದದೊಡನೆಯೇ. ಅಮರಸಿಂಹನು ತೊಗಲಿನ ಬಾರಿಗೆ ಸಲ್ಲುವ ವರತ್ರಾ ಮೊದಲಾದ ಹೆಸರುಗಳ ಪಕ್ಕದಲ್ಲಿಯೇ ಕಶಾ ಎಂಬ ಶಬ್ದವನ್ನು ಇಟ್ಟಿದ್ದಾನೆ. ಕನ್ನಡದಲ್ಲಿ ಚಾವಟಿ, ಚಾಟಿ, ಪಾರಸಿಯಿಂದ ಬಂದ ಚಬಕ ಎಂದು ಹಲವು ಹೆಸರುಗಳಿದ್ದರೂ, ಬಾರು ಮತ್ತು ಕೋಲು ಎಂಬ ಎರಡು ಅಂಗಗಳನ್ನೂ ತಿಳಿಸುವ ಬಾರುಕೋಲೇ ರೈತನ ಮಾತು.

ಅದರ ರಚನೆಯನ್ನು ನೋಡಿದರೆ ಉದ್ದೇಶವೂ ತಿಳಿಯುವುದು. ಹಿಡಿಯುವ ಕೋಲು ಗಟ್ಟಿ. ಅದಕ್ಕೆ ಬಿಗಿದ ಹೆಣಿಗೆಯ ಬಾರು ಬುಡದಲ್ಲಿ ದಪ್ಪ, ಹೋಗುತ್ತ ಹೋಗುತ್ತ ಸಣ್ಣ. ಕೊನೆಯಲ್ಲಿ ಒಂಟಿ ಎಳೆ. ಕೈ ಬೀಸಿದ ಚಲನೆಯು ಬಾರಿನ ಉದ್ದಕ್ಕೂ ಓಡುವಾಗ, ಮುಂದಿನ ಭಾಗವು ಹಿಂದಿನದಕ್ಕಿಂತ ಹಗುರವಾದುದರಿಂದ ವೇಗವು ಏರುತ್ತ ಹೋಗಿ, ತುದಿಯಲ್ಲಿ ಶಬ್ದದ ವೇಗವನ್ನೇ ಮೀರುವುದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಅದನ್ನು ಮೀರಿದಾಗ ಗಾಳಿಯಲ್ಲಿ ಏಳುವ ಆಘಾತದ ಅಲೆಯೇ ಆ ‘ಛಟೀರ್’ ಎಂಬ ಸದ್ದು. 1958ರಲ್ಲಿ ಅಮೆರಿಕದ ವಿಜ್ಞಾನಿಗಳು ಅತಿವೇಗದ ಛಾಯಾಚಿತ್ರಗಳಿಂದ ಇದನ್ನು ಪರೀಕ್ಷಿಸಿದರು. 2002ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಗಣಿತಜ್ಞರು, ಬಾರಿನಲ್ಲಿ ಓಡುವ ಸುರುಳಿಯಿಂದಲೇ ಆ ಅಲೆಯು ಹುಟ್ಟುವುದೆಂದು ಲೆಕ್ಕಹಾಕಿ ತೋರಿಸಿದರು.

ಆದುದರಿಂದ ಬಾರುಕೋಲು ಮುಖ್ಯವಾಗಿ ಮಾತನಾಡುವ ಉಪಕರಣವು. ಪಳಗಿದ ಎತ್ತಿಗೆ ತಲೆಯ ಮೇಲೆ ಸದ್ದಾದರೆ ಸಾಕು, ಹೆಜ್ಜೆ ಚುರುಕಾಗುವುದು. ತುದಿಯ ಎಳೆಯು ಸವೆದು ತುಂಡಾದೊಡನೆ ಬಾರು ಮೂಕವಾಗುತ್ತದೆ; ಮೂಕವಾದ ಬಾರು ಗಾಳಿಯನ್ನು ಬಿಟ್ಟು ಮೈಗೆ ಇಳಿಯುತ್ತದೆ. ಹೊಡೆಯುವವನು ಸ್ವಭಾವದಿಂದ ಕ್ರೂರಿಯಾಗಿರಬೇಕಾಗಿಲ್ಲ. ಮಾತು ಸೋತಲ್ಲಿ ಕೈ ಏಳುವುದು ಮನುಷ್ಯನ ಹಳೆಯ ರೋಗ. ಪಾಠಶಾಲೆಯ ಬೆತ್ತವನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇಂತಹ ಒಂದು ಮೂಕ ಬಾರುಕೋಲಿನ ವಿಷಯವಾಗಿ ದೊಡ್ಡಬಳ್ಳಾಪುರದ ಸೀಮೆಯ ರೈತರ ಮನೆಯೊಂದರಲ್ಲಿ ತಂದೆ ಮಕ್ಕಳಿಗೆ ವಾದವಾಯಿತು. ಮಗನು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಿಂದ ಹೊಸದೊಂದನ್ನು ತಂದಿದ್ದನು: ಬಣ್ಣದ ನೈಲಾನ್ ಹುರಿ, ಕೋಲಿನ ತುದಿಗೆ ಒಂದು ಮೊಳೆ.

“ಅಪ್ಪಾ, ಆ ತೊಗಲು ಇನ್ನೆಷ್ಟು ದಿನ ಬಂದಾತು? ಇದು ಮಳೆಗೆ ಕೆಡಲ್ಲ, ನಾಯಿ ಕಚ್ಚಿಕೊಂಡು ಹೋಗಲ್ಲ” ಎಂದನು ಮಗನು.

ತಂದೆಯು ಮೊಳೆಯ ಮೊನೆಯನ್ನು ಹೆಬ್ಬೆರಳಿಂದ ಮುಟ್ಟಿ ನೋಡಿ, “ಮಳೆ ಮಾತು, ನಾಯಿ ಮಾತು ಎಲ್ಲಾ ಆಡಿದೆ. ಎತ್ತು ಏನಂತದೆ, ಕೇಳಿದ್ಯೇನಪ್ಪ?” ಎಂದನು.

ಮಗನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ನೈಲಾನ್ ಹುರಿಯು ಅಗ್ಗ, ಎಣ್ಣೆಯ ಆರೈಕೆಯನ್ನೂ ಬೇಡದು. ಮೊಳೆಯ ವಿಷಯದಲ್ಲಿ ಮಾತ್ರ ಕಾನೂನು ತಂದೆಯ ಪಕ್ಷದಲ್ಲಿದ್ದಿತು. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯನ್ನು ಅನುಸರಿಸಿ ಬಂದ 1965ರ ನಿಯಮಗಳು, ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗೆ ಮೊನೆಯುಳ್ಳ ಕೋಲನ್ನು ಬಳಸಕೂಡದೆಂದು ವಿಧಿಸಿವೆ. ಮೊಳೆಯನ್ನು ಕಿತ್ತದ್ದಾಯಿತು. ಉಳಿದ ಹುರಿಯು ಬುಡದಿಂದ ತುದಿಯವರೆಗೆ ಒಂದೇ ದಪ್ಪ. ಎಷ್ಟು ಬೀಸಿದರೂ ಅದು ಸುಯ್ಯೆಂದಿತೇ ಹೊರತು ನುಡಿಯಲಿಲ್ಲ.

ಹಾಗಾದರೆ ಹಳೆಯದನ್ನು ಉಳಿಸಬಹುದೇ? ವಿಗ್ರಹದ ಉಪಾಂಗಕ್ಕೆ ಮಾತ್ರ ಊನವಾದರೆ ಸರಿಪಡಿಸಿಕೊಳ್ಳಬಹುದು, ಪ್ರಧಾನಾಂಗವೇ ಭಗ್ನವಾದರೆ ಬದಲಾಯಿಸಬೇಕು ಎಂಬುದು ಶಿಲ್ಪಾಗಮಗಳ ಸಾಮಾನ್ಯವಾದ ನಿಲುವು. ತೊಗಲಿನ ಕೆಲಸ ಬಲ್ಲವನ ಲೆಕ್ಕವೂ ಇದೇ. ತುದಿಯ ಎಳೆಯು ಸವೆಯುವುದಕ್ಕೆಂದೇ ಇರುವುದು. ಅದನ್ನು ಬದಲಾಯಿಸಿದರೆ ಸಾಕು. ನಡುವಿನಲ್ಲಿ ಒಂದು ಎಳೆ ಹರಿದಿದ್ದರೆ, ಅಲ್ಲಿಯವರೆಗೆ ಬಿಚ್ಚಿ ಹೊಸ ಎಳೆಯನ್ನು ಸೇರಿಸಿ ಮತ್ತೆ ಹೆಣೆಯಬಹುದು. ತೊಗಲು ಒಣಗಿ ಬಿರುಸಾಗಿದ್ದರೆ ಹರಳೆಣ್ಣೆಯನ್ನು ಹಿತಮಿತವಾಗಿ ಸವರಿ ನೆರಳಿನಲ್ಲಿ ಇಡಬೇಕು. ನೆನೆದ ತೊಗಲನ್ನು ಬೆಂಕಿಗೋ ಬಿಸಿಲಿಗೋ ಹಿಡಿದರೆ ಅದು ಮುದುಡಿ ಕೊರಡಾಗುವುದು. ಆದರೆ ಬಗ್ಗಿಸಿದಾಗ ಒಳಗಿನ ನಾರೇ ಮುರಿದರೆ, ಉಜ್ಜಿದಾಗ ಕೆಂಪು ಪುಡಿಯು ಉದುರಿದರೆ, ಅಥವಾ ಕೋಲನ್ನು ಸೇರುವ ಬುಡವೇ ಕೊಳೆತಿದ್ದರೆ, ಯಾವ ಎಣ್ಣೆಯೂ ಅದನ್ನು ಬದುಕಿಸದು. ಈ ಮನೆಯ ಬಾರು ತಂಗಡಿಯ ತೊಗಟೆಯಲ್ಲಿ ಹದಮಾಡಿದ ತೊಗಲು. ತುದಿ ಹೋಗಿತ್ತು, ನಡುವೆ ಎರಡು ಎಳೆ ಹರಿದಿದ್ದವು, ಬುಡವು ಗಟ್ಟಿಯಾಗಿತ್ತು.

ಹೆಣೆಯುವವರು ಯಾರು ಎಂಬುದೇ ಉಳಿದ ಪ್ರಶ್ನೆ. ಅದನ್ನು ಮಾಡಿದ ಚರ್ಮಕಾರನು ತೀರಿಕೊಂಡು ಬಹುಕಾಲವಾಗಿತ್ತು. ಅವನ ಮೊಮ್ಮಗನು ಓದಿ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದನು. ಕಸುಬು ಹೋಯಿತೆಂದು ನಿಟ್ಟುಸಿರು ಬಿಡುವ ಮುನ್ನ ಒಂದು ಮಾತನ್ನು ನೆನೆಯಬೇಕು. ಆ ಕಸುಬನ್ನು ಅಜ್ಜನು ಆರಿಸಿಕೊಂಡವನಲ್ಲ, ಬಿಡುವ ಸ್ವಾತಂತ್ರ್ಯವೂ ಅವನಿಗಿರಲಿಲ್ಲ. ಅವನ ಕೈಯ ಕೆಲಸವು ಮನೆಯೊಳಗಿನ ಗೂಟಕ್ಕೆ ಏರಿತು. ಅವನು ಜಗಲಿಯನ್ನು ಕೂಡ ಏರುವಂತಿರಲಿಲ್ಲ. ಹಳೆಯ ವಸ್ತುವನ್ನು ಉಳಿಸುವ ಆಸೆಯು ಹಳೆಯ ಪಂಕ್ತಿಯನ್ನೂ ಉಳಿಸುವ ಆಸೆಯಾದರೆ, ಅಂತಹ ಜೀರ್ಣೋದ್ಧಾರವು ಆಗದಿರುವುದೇ ಲೇಸು.

ಕೊನೆಗೆ ಪಕ್ಕದ ಊರಿನಲ್ಲಿ ಆ ಹೆಣಿಗೆಯನ್ನು ಬಲ್ಲ ಒಬ್ಬ ಮುದುಕನು ದೊರೆತನು. ಅವನು ಕೇಳಿದ ಕೂಲಿಯು ಹೊಸ ಕೋಲಿನ ಬೆಲೆಗಿಂತ ಹೆಚ್ಚಾಗಿತ್ತು. ಮಗನು ಚೌಕಾಸಿಗೆ ತೊಡಗಲು ತಂದೆಯು ತಡೆದನು.

“ಇದನ್ನು ಮಾಡಿಕೊಟ್ಟೋನಿಗೆ ನಿಮ್ಮಜ್ಜ ವರ್ಷಕ್ಕೊಂದು ಸಲ ಕಣದಲ್ಲಿ ಮೊರದ ತುಂಬ ರಾಗಿ ಹಾಕಿ ಕೈತೊಳೆದುಕೊಂಡಿದ್ದ. ಅದರ ಬಾಕಿ ಅಂತ ತಿಳ್ಕೊ” ಎಂದು ಕೇಳಿದಷ್ಟನ್ನೂ ಕೊಟ್ಟು, ಮುದುಕನನ್ನು ಜಗಲಿಯ ಮೇಲೆ ಕೂರಿಸಿ ಕೆಲಸ ಮಾಡಿಸಿದನು.

ತುದಿಯು ಹೊಸದು, ನಡುವಿನ ಹೆಣಿಗೆಯೂ ಹೊಸದು. ಇದು ಅದೇ ಬಾರುಕೋಲೇ ಎಂದು ತಾರ್ಕಿಕರು ಕೇಳಬಹುದು. ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆಯು ನಾಶವಾಗಿ ಖಂಡಪಟವೆಂಬ ಬೇರೊಂದು ಅವಯವಿಯು ಹುಟ್ಟುವುದೆಂದೂ, ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಗೆ ಸಜಾತೀಯತೆಯೇ ಆಧಾರವೆಂದೂ ನೈಯಾಯಿಕರ ಮತ. ಅವರ ಲೆಕ್ಕದಲ್ಲಿ ಆ ಮನೆಯ ಗೂಟದ ಮೇಲಿರುವುದು ಬೇರೆಯ ವಸ್ತುವೇ ಸರಿ. ಎತ್ತುಗಳು ಮಾತ್ರ ನ್ಯಾಯಶಾಸ್ತ್ರವನ್ನು ಓದಿದವಲ್ಲ. ಅವು ಸದ್ದನ್ನು ಕೇಳಿ, ಪೆಟ್ಟಿಗೆ ಕಾಯದೆ ಹೆಜ್ಜೆ ಹಾಕಿದವು.

ಒಂದು ದಿನ ಆ ಬಾರಿನ ಬುಡವೂ ಹೋಗುವುದು. ಆಗ ಹೊಸದನ್ನು ತರುವುದರಲ್ಲಿ ದೋಷವಿಲ್ಲ, ಶೋಕಿಸುವುದಕ್ಕೂ ಕಾರಣವಿಲ್ಲ. ಹೊಸದು ನುಡಿಯಬಲ್ಲುದಾಗಿರಲಿ, ಹೆಣೆದವನಿಗೆ ಪೂರ್ತಿ ಕೂಲಿಯು ಸಂದಿರಲಿ. ಇವೆರಡೂ ಇಲ್ಲದಿದ್ದರೆ ಹಳೆಯದೂ ಬೇಡ, ಹೊಸದೂ ಬೇಡ.